ಮಳೆಗಾಲದ ಗೋಡೌನ್ ಕ್ರಿಕೆಟ್‌ಗೆ ಯಾವ ಚೆಂಡು?

ಜೂನ್ ನಡುವಿಗೆ ಬಂದರೆ ಕೊಡಗಿನಲ್ಲಿ ಮೈದಾನದ ಕ್ರಿಕೆಟ್ ಮುಗಿದ ಹಾಗೆಯೇ. ಮಡಿಕೇರಿಯಲ್ಲಿ ವರ್ಷಕ್ಕೆ 3000 ಮಿ.ಮೀ. ದಾಟುವ ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದುಹೋಗುತ್ತದೆ. ಭಾಗಮಂಡಲದವರಿಗೆ ಈ ಲೆಕ್ಕ ಹೇಳಿದರೆ ನಕ್ಕುಬಿಡುತ್ತಾರೆ, ಅಲ್ಲಿ ಇನ್ನೂ ಜೋರು. ಆಟ ಬಿಡಲಾಗದ ಹುಡುಗ ಹುಡುಗಿಯರು ಆಗ ಸೂರು ಹುಡುಕುತ್ತಾರೆ: ಕಾಫಿ ಮಾರಿ ಅರ್ಧ ಖಾಲಿಯಾದ ಗೋಡೌನ್, ಶಾಲೆಯ ಸಭಾಂಗಣ, ಮದುವೆಯಿಲ್ಲದ ದಿನದ ಕಲ್ಯಾಣ ಮಂಟಪ, ಜೀಪು ಹೊರಗೆ ತೆಗೆದ ಶೆಡ್ಡು. ಜಾಗ ಹೇಗೋ ಸಿಗುತ್ತದೆ. ಕೆಡುವುದು ಚೆಂಡಿನ ವಿಷಯದಲ್ಲಿ. ಮನೆಯಲ್ಲಿ ಯಾವುದಿದೆಯೋ ಅದನ್ನೇ ಹಿಡಿದು ಹೋಗುತ್ತೇವೆ, ಇಲ್ಲವೇ 'ಮ್ಯಾಚ್ ಆಡುವುದು ಲೆದರ್‌ನಲ್ಲಿ, ಹಾಗಾಗಿ ಪ್ರಾಕ್ಟೀಸ್ ಕೂಡ ಲೆದರ್‌ನಲ್ಲೇ' ಎಂದು ಹಟ ಹಿಡಿಯುತ್ತೇವೆ. ಎರಡರಿಂದಲೂ ಕೊನೆಗೆ ಗಾಜು ಒಡೆಯುತ್ತದೆ, ಬ್ಯಾಟ್ ಸೀಳುತ್ತದೆ, ಅಥವಾ ಸೆಪ್ಟೆಂಬರ್ ಹೊತ್ತಿಗೆ ಬ್ಯಾಟರ್‌ನ ಕಾಲು ಎಲ್ಲ ಚೆಂಡಿಗೂ ಹಿಂದಕ್ಕೇ ಹೋಗುವ ಚಟ ಅಂಟಿಸಿಕೊಂಡಿರುತ್ತದೆ.

ನನ್ನ ಅಭಿಪ್ರಾಯ ಇಷ್ಟೇ: ಮೊದಲು ಜಾಗ ನೋಡಿ, ಆಮೇಲೆ ಯಾವ ಕೆಲಸಕ್ಕೆ ಅಭ್ಯಾಸ ಎಂದು ನೋಡಿ, ಚೆಂಡಿನ ಅಂಗಡಿಗೆ ಕೊನೆಗೆ ಹೋಗಿ.

ಮೊದಲ ಹೆಜ್ಜೆ: ಟೇಪು ಹಿಡಿದು ಜಾಗ ಅಳೆಯಿರಿ

ಪಿಚ್‌ನ ಪೂರ್ತಿ ಉದ್ದ 20.12 ಮೀಟರ್, ಅಂದರೆ 22 ಗಜ. ಒಂದು ಬದಿಯ ಪಾಪಿಂಗ್ ಕ್ರೀಸ್‌ನಿಂದ (ಬ್ಯಾಟರ್ ನಿಲ್ಲುವ ಗೆರೆ) ಇನ್ನೊಂದು ಬದಿಯದಕ್ಕೆ 17.68 ಮೀಟರ್. ನಮ್ಮ ಕಡೆಯ ಸಾಧಾರಣ ಗೋಡೌನ್‌ನಲ್ಲಿ ಬ್ಯಾಟರ್‌ನ ಹಿಂದೆ, ಎಸೆಯುವವನ ಹಿಂದೆ ಒಂದಿಷ್ಟು ಜಾಗ ಬಿಟ್ಟರೆ ನಡುವೆ ಉಳಿಯುವುದು 12 ಮೀಟರ್ ಆಸುಪಾಸು. ಇದನ್ನು ಲೆಕ್ಕಕ್ಕೆ ಹಿಡಿಯಲೇಬೇಕು. ಗಂಟೆಗೆ 100 ಕಿ.ಮೀ. ವೇಗದ ಚೆಂಡು 17.68 ಮೀಟರ್ ದಾಟಲು ಹೆಚ್ಚುಕಡಿಮೆ 0.64 ಸೆಕೆಂಡ್ ಬೇಕು. ಅಷ್ಟೇ ಹೊತ್ತು 12 ಮೀಟರ್‌ನಲ್ಲಿ ಸಿಗಬೇಕಾದರೆ ವೇಗ ಸುಮಾರು 68 ಕಿ.ಮೀ. ಇದ್ದರೆ ಸಾಕು. ಹಾಗಾಗಿ ಗೋಡೌನ್‌ನಲ್ಲಿ ಯಾರೂ ಓಡಿ ಬಂದು ಬೌಲ್ ಮಾಡುವ ಅಗತ್ಯವಿಲ್ಲ. ನಿಂತಲ್ಲಿಂದಲೇ ಕೈಯೆತ್ತಿ ಎಸೆದರೆ ಬ್ಯಾಟರ್‌ಗೆ ಮೈದಾನದ ವೇಗದ ಬೌಲರ್‌ನ ಸಮಯವೇ ಸಿಗುತ್ತದೆ. ಇದು ಗೊತ್ತಿಲ್ಲದ ಅಣ್ಣಂದಿರು 12 ಮೀಟರ್‌ನಿಂದ ಲೆದರ್ ಬಾಲನ್ನು ಮೈಯೆಲ್ಲ ಬಲ ಹಾಕಿ ಎಸೆದು, ಹನ್ನೆರಡು ವರ್ಷದ ತಮ್ಮ ಹೆದರಿದ ಎಂದು ಬೈಯುತ್ತಾರೆ. ಹೆದರದೆ ಇನ್ನೇನು ಮಾಡಬೇಕು ಅವನು?

ಉದ್ದ ಆಯಿತು, ಈಗ ನೆಲ. ಗೋಡೌನ್‌ನ ಸಿಮೆಂಟ್ ನೆಲ ಗಟ್ಟಿ, ಒರಟು. ಲೆದರ್‌ನ ಮೇಲ್ಪದರ ಒಂದೇ ಸಂಜೆಯಲ್ಲಿ ಕೆರೆದುಹೋಗುತ್ತದೆ. ಹಳೆಯ ಮನೆಗಳ ರೆಡ್ ಆಕ್ಸೈಡ್ ನೆಲ ನುಣುಪು. ಅಲ್ಲಿ ಚೆಂಡು ಜಾರಿ ಕೆಳಗೇ ಬರುತ್ತದೆ, ಬ್ಯಾಟರ್ ಕೂಡ ಜಾರುತ್ತಾನೆ. ಬ್ಯಾಡ್ಮಿಂಟನ್ ಅಂಕಣದ ಮರದ ನೆಲ ಅಥವಾ ಸಿಂಥೆಟಿಕ್ ಹಾಸು ಇರುವಲ್ಲಿ ಗಟ್ಟಿ ಚೆಂಡಿನ ಮಾತೇ ಬೇಡ, ಅಲ್ಲಿ ಟೆನಿಸ್ ಬಾಲ್‌ಗೆ ಒಪ್ಪಿದರೇ ದೊಡ್ಡದು. ತೆಂಗಿನ ನಾರಿನ ಮ್ಯಾಟ್ ಸಿಕ್ಕರೆ ಹಾಸಿ. ಪುಟಿತ ಪಳಗುತ್ತದೆ, ಚೆಂಡಿನ ಬಾಳಿಕೆಯೂ ಹೆಚ್ಚುತ್ತದೆ. ಸಿಮೆಂಟ್‌ಗೆ ಮೊಳೆ ಹೊಡೆಯಲಾಗದು, ಆದ್ದರಿಂದ ಮ್ಯಾಟಿನ ನಾಲ್ಕು ಮೂಲೆಗೆ ಮರಳು ತುಂಬಿದ ಚೀಲ ಇಡಿ, ಚೆಂಡು ಬೀಳುವ ದಾರಿಯಿಂದ ದೂರಕ್ಕೆ.

ಗೋಡೆ, ಕಿಟಕಿ, ಸೂರು ಇವನ್ನೂ ಒಂದು ಸುತ್ತು ನೋಡಿಕೊಳ್ಳಿ. ಸಿಮೆಂಟ್ ಶೀಟಿನ ಸೂರಿಗೆ ಲೆದರ್ ಬಾಲ್ ಒಮ್ಮೆ ತಗುಲಿದರೆ ಬಿರುಕು, ಕಕ್ಕಡದ (ಜುಲೈ-ಆಗಸ್ಟ್‌ನ ಕೊಡವ ತಿಂಗಳು) ಮಳೆಯಲ್ಲಿ ಆ ಬಿರುಕಿನ ಕೆಳಗೆ ಯಾರ ಕಾಫಿ ಮೂಟೆ ಇರುತ್ತದೋ ಅವರು ಮತ್ತೆ ಬಾಗಿಲು ತೆರೆಯುವುದಿಲ್ಲ. ಕಾಫಿ ಒಣಗಿಸುವ ಪಾಲಿಹೌಸ್ ಖಾಲಿ ಬಿದ್ದಿದೆ ಎಂದು ಅದರೊಳಗೆ ಆಡುವ ಆಸೆ ಕೆಲವರಿಗೆ; ಹಾಳೆ ಹರಿದರೆ ಬರುವ ಖರ್ಚಿನಲ್ಲಿ ಒಂದು ಒಳ್ಳೆಯ ಕಿಟ್ ಬರುತ್ತದೆ ಎಂಬುದನ್ನು ನೆನಪಿಡಿ.

ಇನ್ನು ಹಿಂಬದಿಯ ತಡೆ. ದುಡ್ಡಿದ್ದರೆ ನೈಲಾನ್ ಬಲೆ. ಇಲ್ಲದಿದ್ದರೆ ಹಳೆಯ ಗೋಣಿಚೀಲಗಳನ್ನು ಬಿಚ್ಚಿ ಹೊಲಿದು ಪರದೆ ಮಾಡಿ, ಗೋಡೆಗೆ ಅಂಟದಂತೆ ಒಂದಡಿ ಮುಂದೆ, ಸಡಿಲವಾಗಿ ನೇತುಹಾಕಿ. ಬಿಗಿಯಾಗಿ ಕಟ್ಟಿದರೆ ಚೆಂಡು ತಿರುಗಿ ಬರುತ್ತದೆ, ಸಡಿಲವಿದ್ದರೆ ಅಲ್ಲೇ ಸೋತು ಕೆಳಗೆ ಬೀಳುತ್ತದೆ. ನರ್ಸರಿಯ ಶೇಡ್ ನೆಟ್ ಲೆದರ್ ಬಾಲನ್ನು ತಡೆಯುವುದಿಲ್ಲ. ಅದಕ್ಕೆ ಬೇರೆ ಉಪಯೋಗವಿದೆ, ಬೆಳಕಿನ ಮಾತು ಬಂದಾಗ ಹೇಳುತ್ತೇನೆ.

ಎರಡನೆಯದು: ಏನು ಕಲಿಯಬೇಕು?

ಇದನ್ನು ಒಂದೇ ಸಾಲಿನಲ್ಲಿ ಬರೆದಿಟ್ಟುಕೊಳ್ಳಿ. 'ಬ್ಯಾಟಿಂಗ್' ಎಂದು ಬರೆದರೆ ಸಾಲದು. ಶಾರ್ಟ್ ಬಾಲ್‌ಗೆ (ದೂರದಲ್ಲೇ ಬಿದ್ದು ಮೇಲೇಳುವ ಚೆಂಡಿಗೆ) ಹೆದರಿಕೆ ಬಿಡಿಸಬೇಕೇ, ಫ್ರಂಟ್ ಫುಟ್ ಡ್ರೈವ್ ತಿದ್ದಬೇಕೇ, ಸ್ಪಿನ್‌ಗೆ ಕಾಲು ಬಳಸುವುದು ಕಲಿಯಬೇಕೇ, ಕೀಪರ್‌ನ ಕೈ ಚುರುಕಾಗಬೇಕೇ? ಒಂದೊಂದಕ್ಕೆ ಒಂದೊಂದು ಚೆಂಡು. ಒಂದೇ ಚೆಂಡಿನಲ್ಲಿ ಎಲ್ಲ ಆಗುತ್ತದೆ ಎನ್ನುವವರು ಸಾಮಾನ್ಯವಾಗಿ ಆ ಚೆಂಡನ್ನು ಮಾರುವವರು.

ಬೌಲರ್‌ಗಳಿಗೆ ಮಾತ್ರ ನಿಯಮ ಬೇರೆ. ಸೀಮ್, ಅಂದರೆ ಚೆಂಡಿನ ನಡುವಿನ ಉಬ್ಬಿದ ಹೊಲಿಗೆ, ಹಿಡಿಯುವ ಬೆರಳಿಗೆ ಟೆನಿಸ್ ಬಾಲ್ ಏನನ್ನೂ ಕಲಿಸುವುದಿಲ್ಲ. ಬ್ಯಾಟರ್ ಇಲ್ಲದೆ, ನಿಂತಲ್ಲಿಂದ ಅಥವಾ ಎರಡು ಹೆಜ್ಜೆಯಿಂದ, ಮ್ಯಾಟ್ ಮೇಲೆ ಗುರುತು ಹಾಕಿ ಗೋಣಿ ಪರದೆಗೆ ಬೌಲ್ ಮಾಡುವುದಾದರೆ ಅವರ ಕೈಗೆ ಲೆದರ್ ಬಾಲನ್ನೇ ಕೊಡಿ. ಹಳೆಯದಾದರೂ ಸೀಮ್ ಎದ್ದು ನಿಂತಿರಬೇಕು. ಸ್ಪಿನ್ನರ್‌ಗಳಿಗಂತೂ ಮಳೆಗಾಲ ಇದಕ್ಕೆಂದೇ ಬಂದದ್ದು.

ಮೂರನೆಯದು: ಚೆಂಡಿನ ಜಾತಿಗಳು

ಟೆನಿಸ್ ಬಾಲ್‌ನಿಂದ ಶುರು ಮಾಡೋಣ. ಮಳೆಗಾಲದ ಮುಕ್ಕಾಲು ಪಾಲು ಕೆಲಸ ಇದರಲ್ಲೇ ಆಗುತ್ತದೆ.

ಟೆನಿಸ್ ಆಟದ ಅಂತರರಾಷ್ಟ್ರೀಯ ನಿಯಮದ ಪ್ರಕಾರ ಚೆಂಡಿನ ತೂಕ 56ರಿಂದ 59.4 ಗ್ರಾಂ. ಕ್ರಿಕೆಟ್‌ನಲ್ಲಿ ಗಂಡಸರ ಚೆಂಡು 155.9ರಿಂದ 163 ಗ್ರಾಂ. ವೇಗ ಒಂದೇ ಇದ್ದರೆ ಲೆದರ್ ಬಾಲ್ ಹೊತ್ತು ತರುವ ಶಕ್ತಿ ಟೆನಿಸ್ ಬಾಲ್‌ನದಕ್ಕಿಂತ ಎರಡೂವರೆ ಪಟ್ಟಿಗೂ ಹೆಚ್ಚು. ಪಕ್ಕೆಗೆ ಬಿದ್ದಾಗ ಮಾತ್ರವಲ್ಲ, ಕಿಟಕಿಗೆ ಬಿದ್ದಾಗಲೂ ಇದೇ ಲೆಕ್ಕ. ಗಾಜಿರುವ ಸಭಾಂಗಣದಲ್ಲಿ, ಚಿಕ್ಕ ಮಕ್ಕಳು ಇರುವಲ್ಲಿ ಟೆನಿಸ್ ಬಾಲ್ ಬಿಟ್ಟು ಬೇರೆ ಯೋಚನೆ ಬೇಡ.

ಆದರೆ ಅದಕ್ಕೊಂದು ದೊಡ್ಡ ದೋಷವಿದೆ, ಅದು ಪುಟಿತ. ಹೊಸ ಟೆನಿಸ್ ಬಾಲನ್ನು 254 ಸೆಂ.ಮೀ. ಎತ್ತರದಿಂದ ಕಾಂಕ್ರೀಟ್ ಮೇಲೆ ಬಿಟ್ಟರೆ 135ರಿಂದ 147 ಸೆಂ.ಮೀ. ಮೇಲೇಳಬೇಕು ಎಂಬುದು ನಿಯಮ. ಅಂದರೆ ಬಿಟ್ಟ ಎತ್ತರದ ಅರ್ಧಕ್ಕಿಂತ ಹೆಚ್ಚು. ಲೆದರ್ ಬಾಲ್ ಏಳುವುದು ಸುಮಾರು ಮೂರನೇ ಒಂದು ಭಾಗ. ಸಿಮೆಂಟ್ ನೆಲದಲ್ಲಿ ಗುಡ್ ಲೆಂತ್‌ಗೆ, ಅಂದರೆ ತೀರಾ ಹತ್ತಿರವೂ ಅಲ್ಲದ ತೀರಾ ದೂರವೂ ಅಲ್ಲದ ಜಾಗಕ್ಕೆ, ಬಿದ್ದ ಹೊಸ ಟೆನಿಸ್ ಬಾಲ್ ಹುಡುಗನ ಎದೆಗೆ ಬರುತ್ತದೆ. ಅವನು ಹಿಂದಕ್ಕೆ ಸರಿದು ಅಡ್ಡ ಬ್ಯಾಟ್ ಬೀಸುತ್ತಾನೆ, ಚೆನ್ನಾಗಿ ತಾಗುತ್ತದೆ, ಖುಷಿಯಾಗುತ್ತದೆ. ಮೂರು ತಿಂಗಳು ಹೀಗೇ ನಡೆದರೆ ಮೈದಾನಕ್ಕಿಳಿದ ದಿನ ಅದೇ ಲೆಂತ್‌ನ ಚೆಂಡು ತೊಡೆಯ ಎತ್ತರದಲ್ಲಿ ಒಳಗೆ ಬಂದು ಸ್ಟಂಪ್ ಹಾರಿಸುತ್ತದೆ.

ಇದಕ್ಕೆ ಮೂರು ಮದ್ದು. ಮೊದಲನೆಯದು ಬಿಟ್ಟಿ: ಹಳೆಯ, ಒತ್ತಡ ಇಳಿದ ಟೆನಿಸ್ ಬಾಲ್‌ಗಳನ್ನು ಎಸೆಯದೆ ಇಟ್ಟುಕೊಳ್ಳಿ. ಆಟಗಾರರು 'ಸತ್ತ ಬಾಲ್' ಎನ್ನುವ ಇವೇ ಗೋಡೌನ್‌ಗೆ ಲಾಯಕ್ಕು, ಏಕೆಂದರೆ ಇವುಗಳ ಪುಟಿತ ಲೆದರ್‌ಗೆ ಹತ್ತಿರ. ಹೊಸದೇ ಇದ್ದರೆ ದಪ್ಪ ಸೂಜಿಯಿಂದ ಒಂದು ತೂತು ಮಾಡಿ ಒತ್ತಡ ಇಳಿಸಬಹುದು. ಎರಡನೆಯದು, ಎಸೆಯುವವರು ಲೆಂತ್ ಮುಂದಕ್ಕೆ ತರುವುದು. ಸೀಮೆಸುಣ್ಣದಲ್ಲಿ ಗೆರೆ ಎಳೆದು, ಗೆರೆಯ ಈಚೆಗೆ, ಬ್ಯಾಟರ್ ಕಡೆಗೇ ಬೀಳಿಸಿ. ಮೂರನೆಯದು ಟೇಪ್. ಕರೆಂಟ್ ಕೆಲಸದ ಪಿವಿಸಿ ಟೇಪನ್ನು ಚೆಂಡಿನ ಸುತ್ತ ಒಂದೇ ಪದರ, ಸುಕ್ಕು ಬರದಂತೆ ಎಳೆದು ಸುತ್ತಿದರೆ ತೂಕ ತುಸು ಏರುತ್ತದೆ, ಪುಟಿತ ಇಳಿಯುತ್ತದೆ, ಚೆಂಡು ನೆಲ ಬಿಟ್ಟು ಚುರುಕಾಗಿ ಹೊರಡುತ್ತದೆ. ಕರಾಚಿಯ ಬೀದಿಗಳಿಂದ ಬಂದ ಈ ಉಪಾಯ ಈಗ ಉಪಖಂಡದ ಉದ್ದಗಲಕ್ಕೂ ಇದೆ. ಅರ್ಧಕ್ಕೆ ಮಾತ್ರ ಟೇಪ್ ಸುತ್ತಿದರೆ ಗಾಳಿಯಲ್ಲಿ ತಿರುಗುತ್ತದೆ, ಆದರೆ 12 ಮೀಟರ್ ಜಾಗದಲ್ಲಿ ತಿರುಗಲು ಅದಕ್ಕೆ ಪುರಸೊತ್ತು ಸಿಗದು. ಆ ಮಜಾ ಬೇಸಿಗೆಯ ಮೈದಾನಕ್ಕೆ ಇಟ್ಟುಕೊಳ್ಳಿ.

ಅಂಗಡಿಯಲ್ಲಿ 'ಲೈಟ್' ಮತ್ತು 'ಹೆವಿ' ಎಂದು ಎರಡು ಬಗೆಯ ಕ್ರಿಕೆಟ್ ಟೆನಿಸ್ ಬಾಲ್ ಸಿಗುತ್ತವೆ. ಹೆವಿಯನ್ನು ನಮ್ಮಲ್ಲಿ ಹಾರ್ಡ್ ಟೆನಿಸ್ ಅಂತಲೂ ಅನ್ನುತ್ತಾರೆ. ರಬ್ಬರ್ ಗೋಡೆ ದಪ್ಪ, ತೂಕ ಹೆಚ್ಚು, ಪುಟಿತ ಕಡಿಮೆ. ಹದಿನಾಲ್ಕು ದಾಟಿದವರ ಬ್ಯಾಟಿಂಗ್‌ಗೆ ಗೋಡೌನ್‌ನಲ್ಲಿ ನಾನು ಮೊದಲು ಕೊಡುವುದು ಇದನ್ನೇ. ಬ್ಯಾಟಿಗೆ ತಾಗಿದ ಅನುಭವ ಸಿಗುತ್ತದೆ, ಗೋಡೆಯ ಗಾರೆ ಉದುರುವುದಿಲ್ಲ. ಆದರೆ 'ಟೆನಿಸ್ ಬಾಲ್ ತಾನೇ' ಎಂದು ಗಾರ್ಡ್ ಇಲ್ಲದೆ ನಿಲ್ಲಬೇಡಿ. ಹತ್ತಿರದಿಂದ ಬಂದ ಹೆವಿ ಬಾಲ್ ಎಲ್ಲಿ ತಾಗಬಾರದೋ ಅಲ್ಲಿ ತಾಗಿದರೆ ಆ ಸಂಜೆಯ ಅಭ್ಯಾಸ ಅಲ್ಲಿಗೆ ಮುಗಿಯಿತು.

ಇನ್ನು ಪಿವಿಸಿ ಅಥವಾ ಸಿಂಥೆಟಿಕ್ ಚೆಂಡುಗಳು. ಇದರಲ್ಲಿ ಮೋಸ ಹೋಗುವುದು ಸುಲಭ, ಏಕೆಂದರೆ ಒಂದೇ ಹೆಸರಿನಲ್ಲಿ ಎರಡು ತದ್ವಿರುದ್ಧ ವಸ್ತುಗಳಿವೆ. ಒಂದು, ಒಳಗೆ ಮೆತ್ತಗಿನ ತಿರುಳಿದ್ದು ಮೇಲೆ ಸೀಮ್ ಇರುವ ಅಭ್ಯಾಸದ ಚೆಂಡು. ಹೆಬ್ಬೆರಳಲ್ಲಿ ಒತ್ತಿದರೆ ತುಸು ತಗ್ಗುತ್ತದೆ. ಒಳಾಂಗಣಕ್ಕೆ ಇದಕ್ಕಿಂತ ಒಳ್ಳೆಯದಿಲ್ಲ: ಸೀಮ್ ಇದೆ, ನೀರು ಹೀರುವುದಿಲ್ಲ, ತೂಕ ಕೈಗೆ ಗೊತ್ತಾಗುತ್ತದೆ, ತಾಗಿದರೂ ಮೂಳೆಗೆ ಅಪಾಯ ಕಡಿಮೆ. ಇನ್ನೊಂದು, ಲೆದರ್ ಬದಲು ಪ್ಲಾಸ್ಟಿಕ್ ಹೊದಿಸಿದ ಗಟ್ಟಿ ಚೆಂಡು. ಇದು ಲೆದರ್‌ನಷ್ಟೇ ಗಟ್ಟಿ, ಬೆಲೆ ಮಾತ್ರ ಕಡಿಮೆ. 'ಸಿಂಥೆಟಿಕ್ ಸರ್, ಮಕ್ಕಳಿಗೆ ಆಗುತ್ತೆ' ಎಂದು ಅಂಗಡಿಯವರು ಕೊಟ್ಟರೆ ಹೆಬ್ಬೆರಳ ಪರೀಕ್ಷೆ ಮಾಡದೆ ತರಬೇಡಿ. ಗೋಣಿಕೊಪ್ಪದಲ್ಲಿ, ವಿರಾಜಪೇಟೆಯಲ್ಲಿ ಮೆತ್ತಗಿನದು ಸಿಗದಿದ್ದರೆ ಮೈಸೂರಿಗೆ ಹೋಗುವವರ ಕೈಲಿ ತರಿಸಿ, ಅಥವಾ ಆನ್‌ಲೈನ್‌ನಲ್ಲಿ 'ಸಾಫ್ಟ್ ಕೋರ್' ಎಂದು ಹುಡುಕಿ.

ಕಾರ್ಕ್ ಬಾಲ್, ಅಂದರೆ ಲೆದರ್ ಹೊದಿಕೆಯಿಲ್ಲದೆ ಕೆಂಪು ಬಣ್ಣ ಬಳಿದು ಮಾರುವುದು, ಒಳಾಂಗಣಕ್ಕೆ ಬೇಡವೇ ಬೇಡ. ಸಿಮೆಂಟ್‌ನಲ್ಲಿ ಎತ್ತ ಪುಟಿಯುತ್ತದೆ ಎಂದು ಅದಕ್ಕೇ ಗೊತ್ತಿರುವುದಿಲ್ಲ, ಚಕ್ಕೆ ಎದ್ದ ಮೇಲೆ ಇನ್ನೂ ಕಷ್ಟ.

ಹಾಕಿ ಬಾಲ್‌ನ ಆಸೆ

ಈ ಮಾತು ಬೇರೆ ಜಿಲ್ಲೆಯವರಿಗೆ ಬೇಕಾಗಿಲ್ಲ, ನಮಗೆ ಬೇಕು. 1997ರಲ್ಲಿ ಪಾಂಡಂಡ ಕುಟ್ಟಪ್ಪ ಅವರು ಕರಡದಲ್ಲಿ ಕೊಡವ ಕೌಟುಂಬಿಕ ಹಾಕಿ ಶುರು ಮಾಡುವುದಕ್ಕೆ ಮೊದಲೂ ಇಲ್ಲಿನ ಮನೆಮನೆಯ ಮೂಲೆಯಲ್ಲಿ ಒಂದು ಹಾಕಿ ಸ್ಟಿಕ್ ಇರುತ್ತಿತ್ತು. ಈಗಲೂ ಕ್ರಿಕೆಟ್ ಬಾಲ್ ಹುಡುಕಿದರೆ ಮೊದಲು ಕೈಗೆ ಸಿಗುವುದು ಹಾಕಿ ಬಾಲ್. ಅದರ ತೂಕ 156ರಿಂದ 163 ಗ್ರಾಂ, ಸುತ್ತಳತೆ 22.4ರಿಂದ 23.5 ಸೆಂ.ಮೀ. ಕ್ರಿಕೆಟ್ ಬಾಲ್‌ನ ಸುತ್ತಳತೆ 22.4ರಿಂದ 22.9 ಸೆಂ.ಮೀ. ಲೆಕ್ಕದಲ್ಲಿ ಅವಳಿ ಜವಳಿ. ಮೇಲೆ ಗುಳಿಗಳಿದ್ದು ನೋಡಲು ಬೌಲಿಂಗ್ ಮೆಷಿನ್‌ನ ಚೆಂಡಿನ ಹಾಗೇ ಕಾಣುತ್ತದೆ, ಮಳೆಗೆ ಕೆಡುವುದೂ ಇಲ್ಲ. ಹಾಗಾಗಿ 'ಇದರಲ್ಲೇ ಆಡೋಣ' ಎಂಬ ಐಡಿಯಾ ಪ್ರತಿ ಮಳೆಗಾಲದಲ್ಲೂ ಯಾರಿಗಾದರೂ ಹೊಳೆಯುತ್ತದೆ.

ಬೇಡ. ಹಾಕಿ ಬಾಲ್ ಗಟ್ಟಿ ಪ್ಲಾಸ್ಟಿಕ್, ಕ್ರಿಕೆಟ್ ಬಾಲ್ ಒಳಗೆ ಕಾರ್ಕ್ ತಿರುಳು, ಅದರ ಸುತ್ತ ಬಿಗಿದ ದಾರ, ಮೇಲೆ ಚರ್ಮ. ಬ್ಯಾಟಿಗೆ ತಾಗಿದಾಗ ಈ ಪದರಗಳು ಪೆಟ್ಟಿನ ಒಂದಿಷ್ಟನ್ನು ನುಂಗಿಕೊಳ್ಳುತ್ತವೆ. ಹಾಕಿ ಬಾಲ್ ಏನನ್ನೂ ನುಂಗುವುದಿಲ್ಲ, ಪೂರಾ ಪೆಟ್ಟು ವಿಲೋ ಮರಕ್ಕೆ. ಬ್ಯಾಟಿನ ಅಂಚಿಗೆ, ತುದಿಗೆ ಬಿದ್ದರೆ ಸೀಳು ಖಾತ್ರಿ. ಗೋಡೆಯಿಂದಲೂ ಅಷ್ಟೇ ಬಿರುಸಾಗಿ ತಿರುಗಿ ಬರುತ್ತದೆ. ಮೆಷಿನ್ ಚೆಂಡುಗಳ ವಿಷಯದಲ್ಲೂ ಇದೇ ಎಚ್ಚರ ಇರಲಿ: ಚಕ್ರದ ಮೆಷಿನ್‌ಗೆ ಲೆದರ್ ಹಾಕಿದರೆ ಸೀಮ್ ಕಿತ್ತುಬರುತ್ತದೆ, ಅದಕ್ಕೆಂದೇ ಗುಳಿಯ ಚೆಂಡು ಮಾಡಿದ್ದು. ಆದರೆ ಅದನ್ನು ಎದುರಿಸಲು ಒಳ್ಳೆಯ ಬ್ಯಾಟ್ ತೆಗೆಯಬೇಡಿ, ಹಳೆಯದೊಂದು ಸಾಕು.

ಲೆದರ್ ಯಾವಾಗ?

ಗೋಡೌನ್ ದೊಡ್ಡದಿದ್ದು, ಮ್ಯಾಟ್ ಹಾಸಿ, ಎರಡೂ ಬದಿಗೆ ಬಲೆ ಕಟ್ಟಿ, ಬ್ಯಾಟರ್ ಹೆಲ್ಮೆಟ್, ಪ್ಯಾಡ್, ಗ್ಲೌಸ್, ಗಾರ್ಡ್ ತೊಟ್ಟಿದ್ದರೆ ಲೆದರ್ ಆಗಬಹುದು. ಈ ಪಟ್ಟಿಯಲ್ಲಿ ಒಂದು ಕಡಿಮೆಯಾದರೂ ಬೇಡ. ಎಸೆಯುವವನ ಮುಂದೆಯೂ ಒಂದು ಬಲೆಯ ಚೌಕಟ್ಟು ಇರಲಿ. 12 ಮೀಟರ್‌ನಿಂದ ಎಸೆದವನಿಗೆ ಸ್ಟ್ರೇಟ್ ಡ್ರೈವ್‌ನಿಂದ ತಪ್ಪಿಸಿಕೊಳ್ಳಲು ಸಮಯವೇ ಇರುವುದಿಲ್ಲ. ಎಸೆತಕ್ಕೆ ಸೈಡ್‌ಆರ್ಮ್, ಅಂದರೆ ತುದಿಯಲ್ಲಿ ಚೆಂಡು ಕೂರುವ ಬಟ್ಟಲಿರುವ ಉದ್ದ ಹಿಡಿಯ ಸಾಧನ, ಬಳಸುವುದು ಈಗ ರೂಢಿ. ಕುಮಟಾದ ರಘು ಅವರು ಅದರಿಂದಲೇ ಭಾರತ ತಂಡದ ಬ್ಯಾಟರ್‌ಗಳಿಗೆ ಎಸೆದು ಎಸೆದು ಹೆಸರಾದವರು. ಅದು ಕೈಯ ಬಲವನ್ನು ಬಹಳ ಹೆಚ್ಚಿಸುತ್ತದೆ, ಗೋಡೌನ್‌ನಲ್ಲಿ ಮೊದಲು ಟೆನಿಸ್ ಬಾಲ್ ಇಟ್ಟು ಗುರಿ ಪಳಗಿಸಿಕೊಳ್ಳಿ. ಚೆಂಡು ಕೂರುವ ಬಟ್ಟಲು ಟೆನಿಸ್ ಬಾಲ್‌ನ ಅಳತೆಗೆ ಹೊಂದುತ್ತದೆಯೇ ನೋಡಿಕೊಳ್ಳಿ, ಸಡಿಲವಿದ್ದರೆ ಚೆಂಡು ಅರ್ಧದಲ್ಲೇ ಜಾರಿ ಸೂರಿಗೆ ಹೋಗುತ್ತದೆ.

ಒಳಾಂಗಣಕ್ಕೆ ದುಬಾರಿ ಲೆದರ್ ಬೇಕಿಲ್ಲ. ನಾಲ್ಕು ತುಂಡಿನ ಚರ್ಮದ ಚೆಂಡಿನಲ್ಲಿ ಎರಡು ಅರ್ಧಗಳಲ್ಲಿ ಪ್ರತಿಯೊಂದರ ಮೈಮೇಲೂ ಒಂದೊಂದು ಒಳಹೊಲಿಗೆ ಕಾಣುತ್ತದೆ, ಎರಡು ತುಂಡಿನದರಲ್ಲಿ ಅದಿಲ್ಲ. ಮ್ಯಾಚ್‌ಗೆ ನಾಲ್ಕು ತುಂಡಿನದೇ ಸರಿ, ಸಿಮೆಂಟ್‌ನಲ್ಲಿ ಕೆರೆಸಲು ಎರಡು ತುಂಡಿನದು ಧಾರಾಳ ಸಾಕು.

ಗಾಲ್ಫ್ ಬಾಲ್ ಬಗ್ಗೆ ಒಂದು ಮಾತು

ಡಾನ್ ಬ್ರಾಡ್ಮನ್ ಬೌರಲ್‌ನಲ್ಲಿ ಹುಡುಗನಾಗಿದ್ದಾಗ ಗಾಲ್ಫ್ ಬಾಲನ್ನು ನೀರಿನ ಟ್ಯಾಂಕಿನ ಇಟ್ಟಿಗೆ ಬುಡಕ್ಕೆ ಎಸೆದು, ತಿರುಗಿ ಬಂದದ್ದನ್ನು ಸ್ಟಂಪ್‌ನಿಂದ ಹೊಡೆಯುತ್ತಿದ್ದ ಕಥೆ ಎಲ್ಲರಿಗೂ ಗೊತ್ತು. ಬಿಟ್ಟಂಗಾಲದಲ್ಲಿ ಗಾಲ್ಫ್ ಮೈದಾನ ಇರುವ ನಾಡಿನಲ್ಲಿ ಗಾಲ್ಫ್ ಬಾಲ್ ಸಿಗುವುದು ಕಷ್ಟವಲ್ಲ. ಕಣ್ಣು ಕೈ ಹೊಂದಾಣಿಕೆಗೆ, ಒಬ್ಬರೇ ಇದ್ದಾಗಿನ ಅಭ್ಯಾಸಕ್ಕೆ ನಿಜಕ್ಕೂ ಒಳ್ಳೆಯದು. ಆದರೆ ಅದರ ವ್ಯಾಸ 42.67 ಮಿ.ಮೀ. ಕ್ರಿಕೆಟ್ ಬಲೆಯ ಕಣ್ಣು ಅದಕ್ಕಿಂತ ದೊಡ್ಡದಿದ್ದರೆ ಬಲೆ ಇದ್ದೂ ಇಲ್ಲದಂತೆ. ಹೆಲ್ಮೆಟ್ ಗ್ರಿಲ್‌ನ ಸಂದಿಯೂ ಅದಕ್ಕೆ ದಾರಿ ಬಿಡಬಹುದು. ಇಷ್ಟು ಚಿಕ್ಕ ಚೆಂಡುಗಳು, ಸ್ಕ್ವಾಷ್ ಬಾಲ್ ಕೂಡ, ನೇರವಾಗಿ ಕಣ್ಣಿನ ಗೂಡಿಗೇ ನುಗ್ಗಬಲ್ಲವು. ದೊಡ್ಡವರು, ಕನ್ನಡಕ ಹಾಕಿಕೊಂಡು, ಒಬ್ಬರೇ. ಮಕ್ಕಳ ಕೈಗೆ ಕೊಡಬೇಡಿ.

ನಾಲ್ಕನೆಯದು: ವಯಸ್ಸು, ತೂಕ, ತಕ್ಕಡಿ

ಇದು ಚಿಕ್ಕ ವಿಷಯ. ಹದಿಮೂರರೊಳಗಿನವರ ಲೆದರ್ ಬಾಲ್ 133ರಿಂದ 144 ಗ್ರಾಂ, ಮಹಿಳೆಯರದು 140ರಿಂದ 151 ಗ್ರಾಂ. ಹುಡುಗನಿಗೆ ದೊಡ್ಡವರ ಚೆಂಡು ಕೊಟ್ಟು 'ಗಟ್ಟಿಯಾಗಲಿ' ಎನ್ನುವುದರಿಂದ ಭುಜ ನೋಯುತ್ತದೆ, ಆಕ್ಷನ್ ಕೆಡುತ್ತದೆ. ಮಕ್ಕಳ ಚೆಂಡಿನ ಅಳತೆಯೂ ಚಿಕ್ಕದು, ಆದ್ದರಿಂದ ಅಪ್ಪನ ಹೆಲ್ಮೆಟ್ ಮಗನ ತಲೆಗೆ ಹಾಕುವ ಮೊದಲು ಗ್ರಿಲ್‌ನ ಸಂದಿಯಲ್ಲಿ ಆ ಚೆಂಡನ್ನು ತೂರಿಸಿ ನೋಡಿ. ಅರ್ಧ ಒಳಹೋದರೂ ಆ ಹೆಲ್ಮೆಟ್ ಬೇಡ.

ಅಂಗಡಿಯಲ್ಲಿ

ಅರ್ಧ ಡಜನ್ ಕೊಳ್ಳುವಾಗ ಆರೂ ಚೆಂಡನ್ನು ಒಂದೇ ಎತ್ತರದಿಂದ, ಎದೆಮಟ್ಟದಿಂದ, ನೆಲಕ್ಕೆ ಬಿಟ್ಟು ನೋಡಿ. ಒಂದು ಮಂಡಿಗೆ, ಇನ್ನೊಂದು ಸೊಂಟಕ್ಕೆ ಬರುತ್ತಿದ್ದರೆ ಆ ಸೆಟ್ ಬೇಡ. ಎಸೆತಕ್ಕೆಸೆತಕ್ಕೆ ಪುಟಿತ ಬದಲಾದರೆ ಬ್ಯಾಟರ್ ಏನೂ ಕಲಿಯುವುದಿಲ್ಲ, ಬರೀ ಊಹೆ ಮಾಡುತ್ತಾನೆ. ಲೆದರ್ ಆದರೆ ಗಾಜಿನ ಕೌಂಟರ್ ಮೇಲೆ ಉರುಳಿಸಿ. ತೂಗಾಡುತ್ತಾ ಹೋದರೆ ದುಂಡಗಿಲ್ಲ ಅಂತ ಅರ್ಥ. ಸೀಮ್‌ನ ಆರು ಸಾಲು ಹೊಲಿಗೆಯಲ್ಲಿ ದಾರ ಎಲ್ಲಾದರೂ ಸಡಿಲವಿದೆಯೇ ಎಂದು ಉಗುರಿನಿಂದ ಎಳೆದು ನೋಡಿ. ಒದ್ದೆ ಬೆರಳಿನಿಂದ ಉಜ್ಜಿದಾಗ ಬೆರಳು ಕೆಂಪಾದರೆ ಮ್ಯಾಟೂ ಕೆಂಪಾಗುತ್ತದೆ, ಗೋಡೆಯೂ ಕೆಂಪಾಗುತ್ತದೆ, ಗೋಡೌನ್ ಮಾಲೀಕರ ಮುಖವೂ. ಕರಿಮೆಣಸು ತೂಗುವ ಸಣ್ಣ ಡಿಜಿಟಲ್ ತಕ್ಕಡಿ ನಮ್ಮ ಬಹುತೇಕ ಮನೆಗಳಲ್ಲಿದೆ, ಚೆಂಡು ತಂದ ದಿನ ತೂಗಿ, ತೂಕವನ್ನು ಮಾರ್ಕರ್‌ನಲ್ಲಿ ಅದರ ಮೇಲೇ ಬರೆದಿಡಿ. ಒಂದು ತಿಂಗಳ ಮೇಲೆ ಮತ್ತೆ ತೂಗಿದರೆ ಎಷ್ಟು ತೇವ ಕುಡಿದಿದೆ ಎಂದು ಗೊತ್ತಾಗುತ್ತದೆ.

ಬಣ್ಣ ಮತ್ತು ಬೆಳಕು

ಗೋಣಿ ಪರದೆಯ ಕಂದು ಬಣ್ಣದ ಎದುರು ಕೆಂಪು ಚೆಂಡು ಕಾಣುವುದೇ ಇಲ್ಲ. ಮಳೆ ಕವಿದ ನಾಲ್ಕು ಗಂಟೆಯ ಮಬ್ಬಿನಲ್ಲಂತೂ ಕೈಯಿಂದ ಬಿಟ್ಟ ಮೇಲೆ ಅದು ನೆಲಕ್ಕೆ ಬಿದ್ದಾಗಲೇ ಗೊತ್ತಾಗುವುದು. ಫ್ಲಡ್‌ಲೈಟ್ ಬೆಳಕಿನಲ್ಲಿ ಕೆಂಪು ಚೆಂಡು ಸರಿಯಾಗಿ ಕಾಣುವುದಿಲ್ಲ ಎಂಬ ಕಾರಣಕ್ಕೇ 2015ರಲ್ಲಿ ಅಡಿಲೇಡ್‌ನ ಮೊದಲ ಹಗಲು-ರಾತ್ರಿ ಟೆಸ್ಟ್‌ಗೆ ಗುಲಾಬಿ ಚೆಂಡು ತಂದರು. ಗೋಡೌನ್‌ನಲ್ಲಿ ಹಳದಿ ಅಥವಾ ಬಿಳಿ ಚೆಂಡು, ಅದರ ಹಿನ್ನೆಲೆಗೆ ಕಪ್ಪು ಅಥವಾ ಕಡು ಹಸಿರು ಶೇಡ್ ನೆಟ್. ಮೇಲೆ ಹೇಳಿದ ಶೇಡ್ ನೆಟ್‌ನ ಉಪಯೋಗ ಇದೇ: ಎಸೆಯುವವನ ಹಿಂದೆ ಇಳಿಬಿಟ್ಟರೆ ಒಳ್ಳೆಯ ಸೈಟ್‌ಸ್ಕ್ರೀನ್. ಕೆಂಪು ಲೆದರ್‌ನಲ್ಲೇ ಆಡುವುದಾದರೆ ಅದನ್ನು ತೆಗೆದು ಬಿಳಿ ಪಂಚೆಯೋ ಬೆಡ್‌ಶೀಟೋ ಕಟ್ಟಿ.

ದೀಪ ಬ್ಯಾಟರ್‌ನ ಕಣ್ಣಿಗೆ ನೇರ ಬೀಳುವಂತೆ ಎಸೆಯುವವನ ತಲೆಯ ಮೇಲೆ ಇರಬಾರದು. ಪಿಚ್‌ನ ಎರಡೂ ಬದಿಗೆ ಒಂದೊಂದು ಟ್ಯೂಬ್ ಇರಲಿ. ಹಳೆಯ ಚೋಕ್ ಟ್ಯೂಬ್‌ಲೈಟ್ ಮಿನುಗುತ್ತಿದ್ದರೆ ಚೆಂಡು ಹಾರಿ ಹಾರಿ ಬಂದಂತೆ ತೋರುತ್ತದೆ, ಅದನ್ನು ಎಲ್‌ಇಡಿಗೆ ಬದಲಿಸಿ. ಕರೆಂಟ್ ಹೋದರೆ ಮೊಬೈಲ್ ಟಾರ್ಚ್ ಹಿಡಿದು ಆಡುವ ಶೂರತನ ಬೇಡ. ಮಳೆಗಾಲದ ಕೊಡಗಿನಲ್ಲಿ ಕರೆಂಟ್ ಹೋಗುವುದೂ ದಿನಚರಿಯೇ, ಆ ಹೊತ್ತಿಗೆ ಕ್ಯಾಚಿಂಗ್ ಕೂಡ ಬೇಡ, ಸ್ಟ್ರೆಚಿಂಗ್ ಮಾಡಿ.

ಜಾಗವೇ ಇಲ್ಲದವರಿಗೆ

ಜಗಲಿಯಷ್ಟು ಜಾಗವಿದ್ದರೂ ತೂಗುಚೆಂಡು ಸಾಕು. ಹಳೆಯ ಲೆದರ್ ಬಾಲನ್ನು ಗಟ್ಟಿ ಕಾಲುಚೀಲದೊಳಗೆ ಹಾಕಿ, ಬಾಯಿಗೆ ನೈಲಾನ್ ಹಗ್ಗ ಬಿಗಿದು, ಜಂತಿಗೆ ಕಟ್ಟಿ. ಚೆಂಡು ಬ್ಯಾಟರ್‌ನ ಮೊಣಕಾಲಿಗಿಂತ ತುಸು ಕೆಳಗೆ ನಿಲ್ಲಬೇಕು. ಡ್ರೈವ್ ಮಾಡಿದಾಗ ಚೆಂಡು ನೇರ ಹೋಗಿ ನೇರ ಬಂದರೆ ಬ್ಯಾಟ್ ನೇರವಿದೆ. ಸುತ್ತು ಹಾಕಿಕೊಂಡು ಬಂದರೆ ಕೆಳಗಿನ ಕೈ ಜೋರು ಮಾಡುತ್ತಿದೆ. ಕೋಚ್ ಇಲ್ಲದ ಮನೆಯಲ್ಲಿ ಈ ಚೆಂಡೇ ತಪ್ಪು ಹೇಳಿಕೊಡುತ್ತದೆ. ಇಲ್ಲಿ ಟೆನಿಸ್ ಬಾಲ್ ಬಳಸಬೇಡಿ, ತೂಕ ಸಾಲದೆ ಹಗ್ಗ ಕುಣಿಯುತ್ತದೆ. ಹಗ್ಗದ ಗಂಟನ್ನು ದಿನವೂ ಎಳೆದು ನೋಡಿ. ಬಿಚ್ಚಿಹೋದ ಚೆಂಡು ಅಡುಗೆಮನೆಯ ದಾರಿಯನ್ನೇ ಹಿಡಿಯುತ್ತದೆ.

ಕೀಪರ್, ಸ್ಲಿಪ್ ಫೀಲ್ಡರ್‌ಗಳಿಗೆ ಗೋಡೆಗೆ ಎಸೆದ ಟೆನಿಸ್ ಬಾಲ್, ಐದಾರು ಹೆಜ್ಜೆ ದೂರದಿಂದ. ಬೇರೇನೂ ಬೇಕಿಲ್ಲ. ತೋಟದ ನಾಯಿಯನ್ನು ಮಾತ್ರ ಮೊದಲು ಕಟ್ಟಿಹಾಕಿ.

ತೇವದಿಂದ ಕಾಪಾಡುವುದು

ಕೊಡಗಿನ ಮಳೆಗಾಲದಲ್ಲಿ ಚಪ್ಪಲಿಗೆ, ಬೆಲ್ಟಿಗೆ ಬರುವ ಬೂಷ್ಟು ಲೆದರ್ ಬಾಲನ್ನೂ ಬಿಡುವುದಿಲ್ಲ. ಚೀಲದ ತಳದಲ್ಲಿ ಮರೆತ ಚೆಂಡು ಒಂದು ವಾರಕ್ಕೆ ಬಿಳಿ ನೂಲು ಹೊದ್ದಿರುತ್ತದೆ, ಎರಡು ವಾರಕ್ಕೆ ಸೀಮ್ ಉಬ್ಬಿ ಹೊಲಿಗೆ ಮೆತ್ತಗಾಗಿರುತ್ತದೆ. ಆಟ ಮುಗಿದ ಕೂಡಲೇ ಒಣ ಬಟ್ಟೆಯಿಂದ ಒರೆಸಿ, ಹೊಲಿಗೆಯ ಸಂದನ್ನು ಹಳೆಯ ಹಲ್ಲುಜ್ಜುವ ಬ್ರಷ್‌ನಲ್ಲಿ ಉಜ್ಜಿ, ಗಾಳಿಯಾಡುವ ಕಡೆ ಒಂದು ರಾತ್ರಿ ಇಡಿ. ಆಮೇಲೆ ಬಿಗಿ ಮುಚ್ಚಳದ ಡಬ್ಬ, ಒಳಗೆ ಶೂ ಪೆಟ್ಟಿಗೆಯಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣಗಳು. ಒಲೆಯ ಮೇಲಿನ ಅಟ್ಟದಲ್ಲಿ ಇಟ್ಟರೆ ಬೇಗ ಒಣಗುತ್ತದೆ ಎಂಬ ಹಿರಿಯರ ಸಲಹೆ ಮಾಂಸಕ್ಕೆ ಸರಿ, ಚೆಂಡಿಗಲ್ಲ. ಬಿಸಿಗೆ ಚರ್ಮ ಬಿರಿಯುತ್ತದೆ, ಆಕಾರ ಕೆಡುತ್ತದೆ. ತೆಂಗಿನೆಣ್ಣೆಯನ್ನೂ ಹಚ್ಚಬೇಡಿ.

ಟೆನಿಸ್ ಬಾಲ್‌ನ ಉಣ್ಣೆಯೂ ನೀರು ಹೀರುತ್ತದೆ. ಒದ್ದೆಯಾದರೆ ಭಾರ, ಬ್ಯಾಟಿನ ತುದಿಗೆ ನೀರು ಕುಡಿಸುವುದೂ ಅದೇ. ತುದಿ ಊದಿಕೊಂಡ ಬ್ಯಾಟ್ ಆಮೇಲೆ ಸೀಳಲು ಕಾಲಬುಡಕ್ಕೆ ಬೀಳುವ ಒಂದು ಯಾರ್ಕರ್ ಸಾಕು. ಗೋಡೌನ್ ನೆಲ ಬೆವರುತ್ತಿದ್ದರೆ ಮೊದಲು ಒರೆಸಿ, ಬ್ಯಾಟಿಗೆ ಟೋ ಗಾರ್ಡ್ ಅಂಟಿಸಿ, ಒಳ್ಳೆಯ ಇಂಗ್ಲಿಷ್ ವಿಲೋವನ್ನು ಬೀರುವಿನಲ್ಲಿ ಬಿಟ್ಟು ಕಾಶ್ಮೀರ ವಿಲೋದಲ್ಲಿ ಆಡಿ.

ಮತ್ತೆ ಮೈದಾನಕ್ಕೆ

ಸೆಪ್ಟೆಂಬರ್ ಮೊದಲ ವಾರದಲ್ಲಿ ಕೈಲ್‌ಪೊಳ್ದ್ (ಕೊಡವರ ಆಯುಧಪೂಜೆಯ ಹಬ್ಬ) ಕಳೆದ ಮೇಲೆ ಚೆಂಡು ಬದಲಿಸುವ ಕೆಲಸ ಶುರು ಮಾಡಿ. ಮಳೆ ಕಡಿಮೆಯಿರುವ ಕುಶಾಲನಗರದ ಕಡೆಯವರು ಇನ್ನೂ ಬೇಗ ಹೊರಗಿಳಿಯುತ್ತಾರೆ. ಹೆವಿ ಟೆನಿಸ್‌ನಿಂದ ನೇರ ಹೊಸ ಲೆದರ್‌ಗೆ ಹಾರಬೇಡಿ. ನಡುವೆ ಎರಡು ವಾರ ಮೆತ್ತಗಿನ ತಿರುಳಿನ ಸೀಮ್ ಚೆಂಡು, ಆಮೇಲೆ ಗೋಡೌನ್‌ನಲ್ಲೇ ಮ್ಯಾಟ್ ಮೇಲೆ ಹಳೆಯ ಲೆದರ್, ಅದೂ ಅರ್ಧ ವೇಗದಲ್ಲಿ. ಈ ಹೊತ್ತಿನಲ್ಲಿ ಬ್ಯಾಟರ್‌ನ ಮುಂಗಾಲನ್ನೇ ನೋಡುತ್ತಿರಿ: ಗುಡ್ ಲೆಂತ್‌ಗೆ ಅದು ಮುಂದೆ ಬರುತ್ತಿದ್ದರೆ ಸರಿ, ಹಿಂದಕ್ಕೇ ಹೋಗುತ್ತಿದ್ದರೆ ಟೆನಿಸ್ ಬಾಲ್‌ನ ಚಟ ಇನ್ನೂ ಬಿಟ್ಟಿಲ್ಲ, ಇನ್ನೊಂದು ವಾರ ಫುಲ್ ಲೆಂತ್ ಎಸೆಯಿರಿ. ಬೌಲರ್‌ಗಳಿಗೂ ಇದೇ ಸಮಯದಲ್ಲಿ ಓಟ ಉದ್ದ ಮಾಡಿಸಿ, ಎರಡು ಹೆಜ್ಜೆಯಲ್ಲೇ ಮೂರು ತಿಂಗಳು ಕಳೆದವರು ಮೊದಲ ದಿನವೇ ಪೂರ್ತಿ ರನ್‌ಅಪ್ ಹಿಡಿದರೆ ಬೆನ್ನು ಹಿಡಿದುಕೊಳ್ಳುತ್ತದೆ. ಹೊರಗೆ ಹುಲ್ಲು ಒದ್ದೆಯಿರುವವರೆಗೂ ಹೊಸ ಚೆಂಡಿನ ಪೊಟ್ಟಣ ಬಿಚ್ಚಬೇಡಿ. ಅಲ್ಲಿಯವರೆಗೆ ಗೋಡೌನ್‌ನಲ್ಲಿ ಕೆರೆದುಹೋದವೇ ನಡೆಯಲಿ, ಅವು ಇನ್ನೇನು ಕೆಡಬೇಕು.